ಕೌಂಟಿ ಕಚೇರಿ ನಿಮ್ಮ ಡೀಡ್ ಇಟ್ಟುಕೊಳ್ಳುತ್ತದೆ, ಪರೀಕ್ಷೆ ಮಾಡುವುದಿಲ್ಲ

ಅಮೆರಿಕದಲ್ಲಿ ಮೊದಲ ಸಲ ಮನೆ ಕೊಂಡ ಕನ್ನಡಿಗರಿಗೆ ಒಂದು ವಿಷಯ ವಿಚಿತ್ರ ಅನಿಸುತ್ತದೆ. ಎಷ್ಟೋ ಸಲ ಮಾರಿದವರ ಮುಖವನ್ನೇ ನೋಡಿರುವುದಿಲ್ಲ. ಯಾವ ಸರ್ಕಾರಿ ಅಧಿಕಾರಿಯ ಎದುರೂ ಕೂತಿರುವುದಿಲ್ಲ. ಮಾರಾಟದ ಕಾಗದಪತ್ರ ನೋಡಿಕೊಳ್ಳುವ ಖಾಸಗಿ ಟೈಟಲ್ ಕಂಪನಿಯಲ್ಲಿ ಒಂದು ಕಟ್ಟು ಕಾಗದಕ್ಕೆ ಸಹಿ ಹಾಕಿದ್ದಾಯಿತು, ಬೀಗದ ಕೈ ಸಿಕ್ಕಿತು. ಕೆಲವು ವಾರ ಕಳೆದ ಮೇಲೆ ಅಂಚೆಯಲ್ಲಿ ಒಂದು ಲಕೋಟೆ ಬಂತು. ಒಳಗೆ ಎರಡು ಮೂರು ಪುಟದ ಡೀಡ್, ಅಂದರೆ ಮನೆಯನ್ನು ನಿಮಗೆ ಬರೆದುಕೊಟ್ಟ ಪತ್ರ. ಅದರ ಮೂಲೆಯಲ್ಲಿ ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ಮುದ್ರೆ, ತಾರೀಖು, ಒಂದು ಉದ್ದನೆಯ ನಂಬರ್. ಊರಿನಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯ ನೂಕುನುಗ್ಗಲು ನೋಡಿದವರಿಗೆ "ಇಷ್ಟೇನಾ?" ಅನಿಸುವುದು ಸಹಜ.

ಆ ಮುದ್ರೆಯ ಅರ್ಥ ಏನು, ಏನು ಅಲ್ಲ ಅನ್ನುವುದು ತಿಳಿದಿರಬೇಕು. ಕೌಂಟಿಯ ಮುದ್ರೆ ಬಿದ್ದರೆ ಸರ್ಕಾರವೇ "ಈ ಮನೆ ನಿಮ್ಮದು" ಎಂದು ಒಪ್ಪಿದ ಹಾಗೆ ಎಂದು ತುಂಬಾ ಜನ ನಂಬಿರುತ್ತಾರೆ. ಅದು ಹಾಗಲ್ಲ. ಕೌಂಟಿ ಹೇಳುವುದು ಒಂದೇ ಮಾತು: ಇಂಥ ದಿನ, ಇಷ್ಟು ಹೊತ್ತಿಗೆ, ಈ ಕಾಗದ ನಮಗೆ ಬಂತು, ಇಟ್ಟುಕೊಂಡಿದ್ದೇವೆ, ಯಾರು ಬೇಕಾದರೂ ನೋಡಬಹುದು.

ಕರ್ನಾಟಕದ ಪದ್ಧತಿ ಜೊತೆ ಹೋಲಿಸಿದರೆ ಇದು ಬೇಗ ಅರ್ಥವಾಗುತ್ತದೆ. ನಮ್ಮಲ್ಲಿ ಕ್ರಯಪತ್ರ ನೋಂದಣಿಗೆ ಮಾರುವವರು, ಕೊಳ್ಳುವವರು, ಸಾಕ್ಷಿಗಳು ಕಚೇರಿಗೆ ಹೋಗುತ್ತಾರೆ. ಫೋಟೊ ತೆಗೆಯುತ್ತಾರೆ, ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. 1908ರ ನೋಂದಣಿ ಕಾಯ್ದೆಯ ಪ್ರಕಾರ 100 ರೂಪಾಯಿ ಮತ್ತು ಅದಕ್ಕೂ ಮೇಲಿನ ಬೆಲೆಯ ಸ್ಥಿರಾಸ್ತಿಯ ಮಾರಾಟ ನೋಂದಣಿ ಆಗಲೇಬೇಕು. ಆಗದಿದ್ದರೆ ಆ ಪತ್ರದಿಂದ ಆಸ್ತಿ ಕೈಬದಲಾಗುವುದಿಲ್ಲ. ಅಮೆರಿಕದಲ್ಲಿ ಮಾರುವವರು ಡೀಡ್‌ಗೆ ಸಹಿ ಹಾಕಿ ಕೊಳ್ಳುವವರಿಗೆ ಒಪ್ಪಿಸಿದರೆ ಸಾಕು, ಅವರಿಬ್ಬರ ಮಧ್ಯೆ ಆಸ್ತಿ ಕೈಬದಲಾಯಿತು. ಕೌಂಟಿಯಲ್ಲಿ ದಾಖಲಿಸುವುದು ಉಳಿದ ಲೋಕಕ್ಕೆ ಅದನ್ನು ತಿಳಿಸುವುದಕ್ಕೆ. ಸಹಿ ಹಾಕಿದವರು ಅವರೇ ಹೌದಾ ಎಂದು ನೋಡುವ ಕೆಲಸ ನೋಟರಿಯದು.

ಹಾಗಾದರೆ ದಾಖಲಿಸದೆ ಸುಮ್ನೆ ಬೀರುವಿನಲ್ಲಿ ಇಟ್ಟರೆ ಏನಾಗುತ್ತದೆ? ಒಬ್ಬರು ತಮ್ಮ ಮನೆಯನ್ನು ಜನವರಿಯಲ್ಲಿ ಸುರೇಶ್‌ಗೆ ಮಾರಿದರು ಅಂದುಕೊಳ್ಳಿ. ಸುರೇಶ್ ಡೀಡ್ ದಾಖಲಿಸಲಿಲ್ಲ. ಮಾರ್ಚಿನಲ್ಲಿ ಅದೇ ಮನುಷ್ಯ ಅದೇ ಮನೆಯನ್ನು ಮೇರಿಗೆ ಮಾರಿದ. ಮೇರಿ ಕೌಂಟಿಯ ದಾಖಲೆ ನೋಡಿದರು, ಸುರೇಶ್ ಹೆಸರು ಎಲ್ಲೂ ಇಲ್ಲ. ದುಡ್ಡು ಕೊಟ್ಟು, ಕೂಡಲೇ ದಾಖಲಿಸಿದರು. ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಮನೆ ಮೇರಿಯದು. ಮೊದಲ ಮಾರಾಟದ ವಿಷಯ ಅವರಿಗೆ ಗೊತ್ತಿರಲಿಲ್ಲ, ಮೊದಲು ದಾಖಲಿಸಿದ್ದೂ ಅವರೇ. ಟೆಕ್ಸಾಸ್, ಫ್ಲಾರಿಡಾದಲ್ಲಿ ಮೇರಿಗೆ ಗೊತ್ತಿರಲಿಲ್ಲ ಅನ್ನುವುದೇ ಮುಖ್ಯ. ನಾರ್ತ್ ಕ್ಯಾರೊಲೈನಾದಲ್ಲಿ ದುಡ್ಡು ಕೊಟ್ಟು ಕೊಂಡವರಲ್ಲಿ ಯಾರು ಮೊದಲು ದಾಖಲಿಸಿದರು ಅನ್ನುವುದೊಂದೇ ಲೆಕ್ಕ, ಗೊತ್ತಿತ್ತೋ ಇಲ್ಲವೋ ಕೇಳುವುದಿಲ್ಲ. ಈ ಮೂರೂ ಬಗೆಯ ಕಾನೂನಿನಲ್ಲಿ ಸುರೇಶ್ ಮನೆ ಕಳೆದುಕೊಂಡರು. ಮೋಸ ಮಾಡಿದವನ ಮೇಲೆ ದಾವೆ ಹೂಡಬಹುದು ನಿಜ, ಆದರೆ ಅವನು ಸಿಗಬೇಕಲ್ವಾ?

ಈ ಯೋಚನೆ ಬಹಳ ಹಳೆಯದು. ಮ್ಯಾಸಚೂಸೆಟ್ಸ್ ಬೇ ವಸಾಹತು 1640ರಲ್ಲೇ ಇಂಥ ಕಾನೂನು ಮಾಡಿತ್ತು. ಸರ್ಕಾರವೇ ಒಡೆತನಕ್ಕೆ ಖಾತ್ರಿ ಕೊಡುವ ಇನ್ನೊಂದು ಪದ್ಧತಿ 1858ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಶುರುವಾಯಿತು. ಅದಕ್ಕೆ ಟೊರೆನ್ಸ್ ಎಂದು ಹೆಸರು. ಅಮೆರಿಕದ ಕೆಲವು ಕಡೆ, ಉದಾಹರಣೆಗೆ ಮಿನೆಸೋಟದಲ್ಲಿ, ಅದೂ ಉಳಿದಿದೆ. ಹೆಚ್ಚಿನ ಕಡೆ ಸರ್ಕಾರ ಕೊಡದ ಆ ಖಾತ್ರಿಯನ್ನು ಖಾಸಗಿ ಕಂಪನಿಗಳು ಮಾರುತ್ತವೆ. ಟೈಟಲ್ ಇನ್ಶೂರೆನ್ಸ್ ಅಂದರೆ ಅದೇ. ಮೊದಲ ಟೈಟಲ್ ಇನ್ಶೂರೆನ್ಸ್ ಕಂಪನಿ 1876ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿತು.

ಈಗ ಹುಡುಕುವ ವಿಷಯ. ಮೊದಲು ಬೇಕಾದ್ದು ಸರಿಯಾದ ಕಚೇರಿ. ಅಂಚೆ ವಿಳಾಸದಲ್ಲಿರುವ ಊರಿನ ಹೆಸರು ನಂಬಿ ಹೋಗಬೇಡಿ. ಟೆಕ್ಸಾಸಿನ ಫ್ರಿಸ್ಕೊ ಊರು ಕಾಲಿನ್ ಮತ್ತು ಡೆಂಟನ್ ಎರಡೂ ಕೌಂಟಿಗಳಲ್ಲಿ ಹರಡಿಕೊಂಡಿದೆ. ಇಲಿನಾಯ್‌ನ ನೇಪರ್‌ವಿಲ್ ಡುಪೇಜ್ ಮತ್ತು ವಿಲ್ ಕೌಂಟಿಗಳಲ್ಲಿದೆ. ಕಚೇರಿಯ ಹೆಸರೂ ಒಂದೊಂದು ಕಡೆ ಒಂದೊಂದು. ಕ್ಯಾಲಿಫೋರ್ನಿಯಾದಲ್ಲಿ ರೆಕಾರ್ಡರ್, ಟೆಕ್ಸಾಸಿನಲ್ಲಿ ಕೌಂಟಿ ಕ್ಲರ್ಕ್, ನಾರ್ತ್ ಕ್ಯಾರೊಲೈನಾದಲ್ಲಿ ರಿಜಿಸ್ಟರ್ ಆಫ್ ಡೀಡ್ಸ್, ಜಾರ್ಜಿಯಾದಲ್ಲಿ ಸುಪೀರಿಯರ್ ಕೋರ್ಟಿನ ಕ್ಲರ್ಕ್. ಕನೆಕ್ಟಿಕಟ್, ರೋಡ್ ಐಲೆಂಡ್, ವರ್ಮಾಂಟ್ ರಾಜ್ಯಗಳಲ್ಲಿ ಈ ಕೆಲಸ ಕೌಂಟಿಯದೇ ಅಲ್ಲ, ಊರಿನ ಕ್ಲರ್ಕ್ ಮಾಡುತ್ತಾರೆ. ಹವಾಯಿಯಲ್ಲಿ ಇಡೀ ರಾಜ್ಯಕ್ಕೆ ಒಂದೇ ಕಚೇರಿ.

ಕೌಂಟಿಯಲ್ಲಿ ಇನ್ನೊಂದು ಕಚೇರಿ ಇರುತ್ತದೆ, ಅಸೆಸರ್ ಅಂತ. ಆಸ್ತಿ ತೆರಿಗೆಗೆ ಬೆಲೆ ಕಟ್ಟುವುದು ಅವರ ಕೆಲಸ. ಅಲ್ಲಿ ನಿಮ್ಮ ಹೆಸರು ಇದೆ ಅಂದ ಮಾತ್ರಕ್ಕೆ ಅದು ಒಡೆತನದ ಪುರಾವೆ ಆಗುವುದಿಲ್ಲ. ನಮ್ಮಲ್ಲಿ ಖಾತಾ ಇದ್ದರೆ ಕ್ರಯಪತ್ರ ಇದ್ದಂತಲ್ಲ ಎಂದು ಹೇಳುತ್ತೇವಲ್ಲ, ಹಾಗೇ. ಆದರೂ ಹುಡುಕಾಟವನ್ನು ಅಸೆಸರ್ ವೆಬ್‌ಸೈಟಿನಿಂದ ಶುರು ಮಾಡುವುದು ಸುಲಭ. ವಿಳಾಸ ಹಾಕಿದರೆ ಪಾರ್ಸೆಲ್ ನಂಬರ್, ಅಂದರೆ ಆ ಜಾಗದ ಗುರುತಿನ ನಂಬರ್, ಸಿಗುತ್ತದೆ. ಕೆಲವು ಕೌಂಟಿಗಳಲ್ಲಿ ಕೊನೆಯ ಡೀಡ್‌ನ ತಾರೀಖೋ ನಂಬರೋ ಕೂಡ ಕಾಣುತ್ತದೆ.

ಆಮೇಲೆ ರೆಕಾರ್ಡರ್ ಕಚೇರಿಯ ಸೂಚಿ. ಬಹಳ ಕಡೆ ಇದು ವಿಳಾಸದ ಮೇಲೆ ನಡೆಯುವುದಿಲ್ಲ, ಹೆಸರಿನ ಮೇಲೆ ನಡೆಯುತ್ತದೆ. ಕೊಟ್ಟವರು ಗ್ರ್ಯಾಂಟರ್, ಪಡೆದವರು ಗ್ರ್ಯಾಂಟಿ. ಪ್ರತಿ ಕಾಗದವೂ ಎರಡೂ ಹೆಸರಿನ ಕೆಳಗೆ ಸೇರಿರುತ್ತದೆ. ಹುಡುಕುವ ಕ್ರಮ ಹೀಗೆ: ಈಗಿನ ಒಡೆಯರ ಹೆಸರನ್ನು ಗ್ರ್ಯಾಂಟಿ ಪಟ್ಟಿಯಲ್ಲಿ ನೋಡಿ, ಅವರಿಗೆ ಯಾರು ಕೊಟ್ಟರು ಗೊತ್ತಾಗುತ್ತದೆ. ಆ ಕೊಟ್ಟವರಿಗೆ ಯಾರು ಕೊಟ್ಟಿದ್ದರು ಎಂದು ಮತ್ತೆ ಹಿಂದಕ್ಕೆ. ಹೀಗೆ ಹೋಗುತ್ತಾ ತಾಯಿಪತ್ರ ಸಿಗುತ್ತದೆ. ನಂತರ ಅದೇ ದಾರಿಯಲ್ಲಿ ಮುಂದಕ್ಕೆ ಬರಬೇಕು. ಪ್ರತಿಯೊಬ್ಬರನ್ನೂ ಈ ಸಲ ಗ್ರ್ಯಾಂಟರ್ ಪಟ್ಟಿಯಲ್ಲಿ ನೋಡಬೇಕು. ಅವರು ತಮ್ಮ ಕಾಲದಲ್ಲಿ ಸಾಲಕ್ಕೆ ಅಡ ಇಟ್ಟಿದ್ದರೇ, ದಾರಿ ಬಿಟ್ಟುಕೊಟ್ಟಿದ್ದರೇ, ತುಂಡು ಮಾಡಿ ಮಾರಿದ್ದರೇ ಅನ್ನುವುದು ಅಲ್ಲಿ ಕಾಣುತ್ತದೆ. ನಮ್ಮ ಇಸಿ ತರಹ ಅರ್ಜಿ ಹಾಕಿದರೆ ಕಚೇರಿಯವರೇ ಪಟ್ಟಿ ಮಾಡಿಕೊಡುವ ಪದ್ಧತಿ ಸಾಮಾನ್ಯವಾಗಿ ಇಲ್ಲ. ನಾವೇ ಹುಡುಕಬೇಕು, ಇಲ್ಲವೇ ಟೈಟಲ್ ಕಂಪನಿಗೆ ದುಡ್ಡು ಕೊಟ್ಟು ಹುಡುಕಿಸಬೇಕು. ಯೂಟಾ, ಓಕ್ಲಹೋಮದಂಥ ರಾಜ್ಯಗಳಲ್ಲಿ ಜಾಗದ ಮೇಲೆಯೇ ಸೂಚಿ ಇರುತ್ತದೆ, ಅಲ್ಲಿ ಕೆಲಸ ಎಷ್ಟೋ ಹಗುರ.

ಹೆಸರಿನ ಮೇಲೆ ಎಲ್ಲವೂ ನಿಂತಿರುವುದರಿಂದ ನಮ್ಮವರಿಗೆ ಒಂದು ತೊಂದರೆ ಇದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಹೆಸರುಗಳಿಗೆ ಅಮೆರಿಕದವರು ಕೇಳುವ ಕೊನೆಯ ಹೆಸರು ಅನ್ನುವುದೇ ಎಷ್ಟೋ ಸಲ ಇರುವುದಿಲ್ಲ. ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗಿರುತ್ತದೆ. ಬಿ. ಆರ್. ಸುರೇಶ್ ಅನ್ನುವವರು ಪಾಸ್‌ಪೋರ್ಟಿನಲ್ಲಿ ಬೆಂಗಳೂರು ರಾಮಯ್ಯ ಸುರೇಶ್ ಆಗಿರಬಹುದು, ಡ್ರೈವಿಂಗ್ ಲೈಸೆನ್ಸಿನಲ್ಲಿ ಸುರೇಶ್ ರಾಮಯ್ಯ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇದ್ದವರಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಅಚ್ಚಾಗುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಅದೇ ಮೂರಕ್ಷರ ಡೀಡ್‌ಗೂ ಇಳಿದರೆ ಮನೆಯ ಒಡೆಯರು ಸೂಚಿಯಲ್ಲಿ ಎಫ್‌ಎನ್‌ಯು ಸುರೇಶ್ ಆಗಿ ಕೂರುತ್ತಾರೆ. ನಿಮ್ಮ ಡೀಡ್ ಸಿಗದಿದ್ದರೆ ಹೆಸರಿನ ಪ್ರತಿ ತುಂಡನ್ನೂ ಕೊನೆಯ ಹೆಸರಾಗಿ ಹಾಕಿ ನೋಡಿ. ಮೂರ್ತಿ ಬರೆಯುವಾಗ ಎಚ್ ಬಿಟ್ಟಿದ್ದಾರಾ, ಲಕ್ಷ್ಮಿಗೆ ಎಕ್ಸ್ ಹಾಕಿದ್ದಾರಾ ಎಂದೂ ನೋಡಬೇಕು. ಇನ್ನೂ ಮನೆ ಕೊಳ್ಳದವರಿಗೆ ನನ್ನ ಸಲಹೆ ಒಂದೇ. ಸಹಿ ಹಾಕುವ ಮುಂಚೆ ಡೀಡ್‌ನ ಕರಡು ಕೇಳಿ, ಹೆಸರನ್ನು ಅಕ್ಷರ ಅಕ್ಷರ ಓದಿ. ಆಮೇಲೆ ಹೆಸರು ಬದಲಾದರೆ, ಮಾರುವ ಹೊತ್ತಿಗೆ ಹಳೆ ಹೆಸರನ್ನೂ ಡೀಡ್‌ನಲ್ಲಿ ಬರೆಯಬೇಕು ಎಂದು ಕ್ಯಾಲಿಫೋರ್ನಿಯಾ ಕಾನೂನೇ ಹೇಳುತ್ತದೆ. ಪೌರತ್ವ ಪಡೆಯುವಾಗ ಹೆಸರು ಸರಿಮಾಡಿಕೊಂಡವರು ಇದನ್ನು ನೆನಪಿಡಬೇಕು.

ಸೂಚಿಯಲ್ಲಿ ನಂಬರ್ ಸಿಕ್ಕಿದ ಮೇಲೆ ಪ್ರತಿ ಪಡೆಯುವುದು ಕಷ್ಟವಲ್ಲ. ಕೆಲವು ಕೌಂಟಿಗಳು ಪುಟದ ಚಿತ್ರವನ್ನೇ ಆನ್‌ಲೈನ್ ತೋರಿಸುತ್ತವೆ. ನ್ಯೂಯಾರ್ಕ್ ನಗರದಲ್ಲಿ ಸ್ಟ್ಯಾಟನ್ ಐಲೆಂಡ್ ಬಿಟ್ಟು ಉಳಿದ ನಾಲ್ಕು ಭಾಗಗಳ ಪತ್ರಗಳನ್ನು ಏಕ್ರಿಸ್ ಎಂಬ ತಾಣದಲ್ಲಿ ಪುಕ್ಕಟೆ ನೋಡಬಹುದು. ಕ್ಯಾಲಿಫೋರ್ನಿಯಾದ ಹಲವು ಕೌಂಟಿಗಳಲ್ಲಿ ಸೂಚಿ ಮಾತ್ರ ಆನ್‌ಲೈನ್, ಪ್ರತಿ ಬೇಕೆಂದರೆ ದುಡ್ಡು ಕಟ್ಟಬೇಕು. ಮೂಲ ಡೀಡ್ ಕಳೆದುಹೋದರೂ ಗಾಬರಿ ಬೇಡ. ನಮ್ಮಲ್ಲಿ ಮೂಲಪತ್ರ ಕಳೆದರೆ ಪೊಲೀಸ್ ದೂರು, ಪತ್ರಿಕೆಯಲ್ಲಿ ಪ್ರಕಟಣೆ ಎಂದೆಲ್ಲ ಓಡಾಟ. ಅಲ್ಲಿ ಕೌಂಟಿಯ ದೃಢೀಕೃತ ಪ್ರತಿ ಸಾಕು. ಸಾಲ ಕೊಟ್ಟ ಬ್ಯಾಂಕ್ ಕೂಡ ನಿಮ್ಮ ಡೀಡನ್ನು ಲಾಕರಿನಲ್ಲಿ ಇಟ್ಟುಕೊಳ್ಳುವುದಿಲ್ಲ, ಅಡಮಾನವನ್ನು ಕೌಂಟಿಯಲ್ಲಿ ದಾಖಲಿಸಿರುತ್ತದೆ ಅಷ್ಟೆ.

ಕೈಗೆ ಬಂದ ಪತ್ರವನ್ನು ಓದುವಾಗ ಕೆಲವು ಕಡೆ ಗೊಂದಲ ಆಗಬಹುದು. ಡೀಡ್ ಆಫ್ ಟ್ರಸ್ಟ್ ಎಂದು ಬರೆದಿದ್ದರೆ ಅದು ಮನೆಯ ಪತ್ರ ಅಲ್ಲ, ಸಾಲದ ಪತ್ರ. ಸಾಲ ತೀರಿದ ಮೇಲೆ ರೀಕನ್ವೆಯನ್ಸ್ ಎಂಬ ಇನ್ನೊಂದು ಕಾಗದ ದಾಖಲಾಗಬೇಕು. ಅದು ಆಗಿದೆಯಾ ಎಂದು ನೀವೇ ನೋಡಿಕೊಳ್ಳಿ. ಆಗದೆ ಉಳಿದರೆ ವರ್ಷಗಳ ನಂತರ ಮಾರುವ ಹೊತ್ತಿಗೆ ತಲೆನೋವು. ಬೆಲೆಯ ಜಾಗದಲ್ಲಿ "ಹತ್ತು ಡಾಲರ್ ಮತ್ತು ಇತರ ಪ್ರತಿಫಲ" ಎಂದಿದ್ದರೆ ಅನುಮಾನ ಪಡಬೇಡಿ. ಟೆಕ್ಸಾಸಿನಲ್ಲಿ ನಿಜವಾದ ಬೆಲೆಯನ್ನು ಡೀಡ್‌ನಲ್ಲಿ ಬರೆಯಬೇಕಾಗಿಲ್ಲ, ವರ್ಗಾವಣೆ ತೆರಿಗೆಯೂ ಅಲ್ಲಿಲ್ಲ. ಕ್ಯಾಲಿಫೋರ್ನಿಯಾದಲ್ಲೂ ಬೆಲೆ ಬರೆಯುವುದಿಲ್ಲ, ಆದರೆ ತೆರಿಗೆಯಿಂದ ಲೆಕ್ಕ ಹಾಕಬಹುದು. ಕೌಂಟಿಯ ತೆರಿಗೆ ಪ್ರತಿ 1,000 ಡಾಲರಿಗೆ 1 ಡಾಲರ್ 10 ಸೆಂಟ್. ಡೀಡ್ ಮೇಲೆ ಪೂರ್ತಿ ಬೆಲೆಯ ಮೇಲಿನ ಕೌಂಟಿ ತೆರಿಗೆ 1,650 ಡಾಲರ್ ಎಂದಿದ್ದರೆ ಮನೆ 15 ಲಕ್ಷ ಡಾಲರಿಗೆ ಹೋಗಿದೆ.

ಎಲ್ಲಕ್ಕಿಂತ ಗಮನ ಕೊಡಬೇಕಾದ ಭಾಗ ಆಸ್ತಿಯ ವಿವರಣೆ. ನಮ್ಮ ಚಕ್ಕುಬಂದಿ ಇದ್ದ ಹಾಗೆ. ಬಡಾವಣೆಯ ಮನೆಗೆ ನಕ್ಷೆಯ ಪುಸ್ತಕ, ಪುಟ, ಲಾಟ್ ನಂಬರ್ ಇರುತ್ತದೆ. ಹಳೆಯ ಜಮೀನಿಗೆ ಇಂಥ ಕಲ್ಲಿನಿಂದ ಇಷ್ಟು ಡಿಗ್ರಿ ತಿರುಗಿ ಇಷ್ಟು ಅಡಿ ಎಂದು ಸುತ್ತು ಬರೆದಿರುತ್ತಾರೆ. ಪಶ್ಚಿಮದ ರಾಜ್ಯಗಳಲ್ಲಿ 1785ರ ಕಾನೂನಿನಿಂದ ಶುರುವಾದ ಚೌಕಗಳ ಅಳತೆ ನಡೆಯುತ್ತದೆ. ಆರು ಮೈಲಿ ಚೌಕ ಒಂದು ಟೌನ್‌ಶಿಪ್, ಅದರೊಳಗೆ 36 ಸೆಕ್ಷನ್, ಒಂದೊಂದು 640 ಎಕರೆ. ಮನೆಯ ವಿಳಾಸ ತಪ್ಪಿದ್ದರೂ ನಡೆದೀತು. ಈ ವಿವರಣೆಯಲ್ಲಿ ಒಂದು ಅಂಕಿ ತಪ್ಪಿದರೆ ಪಕ್ಕದ ಮನೆಯನ್ನು ಬರೆದುಕೊಟ್ಟ ಹಾಗೆ ಆಗಬಹುದು.

ಹಿಂದಕ್ಕೆ ಹುಡುಕುತ್ತಾ ಹೋದವರಿಗೆ ಎದೆ ಚುಚ್ಚುವ ಸಾಲುಗಳೂ ಸಿಗುತ್ತವೆ. ಇಪ್ಪತ್ತನೇ ಶತಮಾನದ ಮೊದಲರ್ಧದ ಎಷ್ಟೋ ಡೀಡ್‌ಗಳಲ್ಲಿ ಈ ಮನೆಯನ್ನು ಕಪ್ಪು ಜನರಿಗೆ, ಏಷ್ಯಾದವರಿಗೆ ಮಾರಬಾರದು, ಕೆಲಸದವರಾಗಿ ಅಲ್ಲದೆ ಅವರು ಇಲ್ಲಿ ವಾಸ ಮಾಡಬಾರದು ಎಂದು ಬರೆದಿದೆ. ಇಂಥ ಷರತ್ತನ್ನು ನ್ಯಾಯಾಲಯ ಜಾರಿ ಮಾಡುವಂತಿಲ್ಲ ಎಂದು 1948ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1968ರ ವಸತಿ ಕಾನೂನು ಅದನ್ನು ಪೂರ್ತಿ ಅಕ್ರಮ ಮಾಡಿತು. ಆದರೆ ಕಾಗದ ಅಲ್ಲೇ ಇದೆ, ಯಾಕೆಂದರೆ ಇಟ್ಟುಕೊಂಡಿದ್ದನ್ನು ಕೌಂಟಿ ಅಳಿಸುವುದಿಲ್ಲ. ಕ್ಯಾಲಿಫೋರ್ನಿಯಾ 2021ರಲ್ಲಿ ಕಾನೂನು ಮಾಡಿ, ಇಂಥ ಸಾಲುಗಳನ್ನು ಹುಡುಕಿ ರದ್ದಾದ ಗುರುತು ಹಾಕುವ ಕೆಲಸವನ್ನು ಕೌಂಟಿ ರೆಕಾರ್ಡರ್‌ಗಳಿಗೆ ವಹಿಸಿತು. ಸಾಂತಾ ಕ್ಲಾರಾ ಕೌಂಟಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಕೃತಕ ಬುದ್ಧಿಮತ್ತೆ ಬಳಸಿ 50 ಲಕ್ಷಕ್ಕೂ ಹೆಚ್ಚು ಪುಟ ಜಾಲಾಡಲು ನೆರವಾದರು, ಸಾವಿರಾರು ಷರತ್ತುಗಳು ಸಿಕ್ಕವು. ಇವತ್ತು ಅದೇ ಕೌಂಟಿಯಲ್ಲಿ ಅಷ್ಟೊಂದು ಕನ್ನಡಿಗರ ಮನೆಗಳಿವೆ. ನಿಮ್ಮ ಮನೆಯ ಹಳೆ ಪತ್ರವನ್ನು ಒಮ್ಮೆ ತೆಗೆಸಿ ಓದಿ. ಅಂಥ ಸಾಲು ಇದ್ದರೆ ಅದಕ್ಕೆ ರದ್ದಾದ ಗುರುತು ಹಾಕಿಸಲು ನೀವೂ ಅರ್ಜಿ ಕೊಡಬಹುದು.

ಕೊಳ್ಳುವಾಗ ದಾಖಲಿಸುವ ಕೆಲಸ ಟೈಟಲ್ ಕಂಪನಿಯೇ ಮಾಡುತ್ತದೆ. ನಾವೇ ಓಡಾಡಬೇಕಾಗುವುದು ಆಮೇಲೆ. ಹೆಂಡತಿಯ ಅಥವಾ ಗಂಡನ ಹೆಸರು ಸೇರಿಸುವಾಗ, ಮನೆಯನ್ನು ಲಿವಿಂಗ್ ಟ್ರಸ್ಟಿಗೆ (ಬದುಕಿರುವಾಗಲೇ ಆಸ್ತಿಯನ್ನು ಇಡುವ ಟ್ರಸ್ಟ್) ಹಾಕುವಾಗ. ಕ್ಯಾಲಿಫೋರ್ನಿಯಾದ ಕ್ರಮವನ್ನೇ ಹೇಳುತ್ತೇನೆ. ಹೊಸ ಡೀಡ್ ಬರೆಯಬೇಕು. ಆಸ್ತಿಯ ವಿವರಣೆಯನ್ನು ಹಳೆ ಡೀಡ್‌ನಿಂದ ಯಥಾವತ್ತಾಗಿ ಇಳಿಸಬೇಕು. ಕೊಡುವವರು ನೋಟರಿ ಎದುರು ಸಹಿ ಹಾಕಬೇಕು. ಪಡೆಯುವವರ ಸಹಿ ಸಾಮಾನ್ಯವಾಗಿ ಬೇಕಾಗಿಲ್ಲ. ಮೊದಲ ಪುಟದ ಮೇಲ್ಭಾಗದಲ್ಲಿ ಬಲಗಡೆ ಮುದ್ರೆಗೆ ಎರಡೂವರೆ ಇಂಚು ಎತ್ತರ, ಐದು ಇಂಚು ಅಗಲದ ಜಾಗ ಖಾಲಿ ಬಿಡಬೇಕು. ಎಡಗಡೆ ಪತ್ರವನ್ನು ಯಾರಿಗೆ ವಾಪಸ್ ಕಳಿಸಬೇಕೋ ಅವರ ಹೆಸರು, ವಿಳಾಸ. ಜೊತೆಗೆ ಒಡೆತನ ಬದಲಾವಣೆಯ ವರದಿ ಎಂಬ ಅಸೆಸರ್ ನಮೂನೆ ತುಂಬಿ ಕೊಡಬೇಕು, ಕೊಡದಿದ್ದರೆ 20 ಡಾಲರ್ ಜಾಸ್ತಿ. 2018ರಿಂದ ವಸತಿ ನಿಧಿಗೆ ಎಂದು 75 ಡಾಲರ್ ಶುಲ್ಕವೂ ಬಂದಿದೆ. ಮಾಲೀಕರೇ ವಾಸವಿರುವ ಮನೆಯ ವರ್ಗಾವಣೆಗೆ ವಿನಾಯಿತಿ ಇದೆ, ಆದರೆ ಆ ಕಾರಣವನ್ನು ಪತ್ರದ ಮೇಲೆಯೇ ಬರೆದಿರಬೇಕು. ವರ್ಗಾವಣೆ ತೆರಿಗೆಗೆ ವಿನಾಯಿತಿ ಇದ್ದರೂ ಅಷ್ಟೆ, ಕಾರಣ ಬರೆಯಬೇಕು. ಇದೆಲ್ಲ ಸರಿಯಿದ್ದರೆ ಕೌಂಟರಿನಲ್ಲೋ ಅಂಚೆಯಲ್ಲೋ ಕೊಡಬಹುದು.

ಗುಮಾಸ್ತರು ಪತ್ರ ವಾಪಸ್ ಕಳಿಸುವುದು ಇಂಥ ಕಾರಣಗಳಿಗೇ: ನೋಟರಿಯ ಮುದ್ರೆ ಮಸುಕಾಗಿದೆ, ಹೆಸರು ಒಂದು ಕಡೆ ಒಂದು ರೀತಿ ಇನ್ನೊಂದು ಕಡೆ ಇನ್ನೊಂದು ರೀತಿ ಇದೆ, ಶುಲ್ಕ ಕಡಿಮೆ. ಲಾಟ್ ನಂಬರ್ ತಪ್ಪಿದ್ದರೆ, ಗಂಡ ಹೆಂಡತಿ ಒಡೆತನದ ರೀತಿ ನಿಮಗೆ ಬೇಕಾದ್ದಕ್ಕಿಂತ ಬೇರೆ ಇದ್ದರೆ, ಅವರು ಅದನ್ನು ಗಮನಿಸುವುದೂ ಇಲ್ಲ, ಹೇಳುವುದೂ ಇಲ್ಲ. ಕಾನೂನು ಸಲಹೆ ಕೊಡುವುದು ಅವರಿಗೆ ನಿಷಿದ್ಧ. ಇಂಟರ್ನೆಟ್ಟಿನಲ್ಲಿ ಸಿಕ್ಕ ಕ್ವಿಟ್‌ಕ್ಲೇಮ್ ನಮೂನೆ ತುಂಬಿ ಹಾಕುವವರ ಬಗ್ಗೆ ನನಗೆ ಭಯ ಇರುವುದು ಇದಕ್ಕೇ. ಕ್ವಿಟ್‌ಕ್ಲೇಮ್‌ನಲ್ಲಿ ಕೊಡುವವರು ಯಾವ ಭರವಸೆಯನ್ನೂ ಕೊಡುವುದಿಲ್ಲ, "ನನ್ನದು ಏನಾದರೂ ಇದ್ದರೆ ಬಿಟ್ಟುಕೊಟ್ಟಿದ್ದೇನೆ" ಅಂದಷ್ಟೇ ಲೆಕ್ಕ. ಟೈಟಲ್ ಇನ್ಶೂರೆನ್ಸ್ ಮುಂದುವರಿಯುತ್ತದಾ ಎಂದು ಕಂಪನಿಯನ್ನು ಮೊದಲೇ ಕೇಳಿ. ಒಬ್ಬ ವಕೀಲರಿಗೆ ತೋರಿಸುವ ಖರ್ಚು ಮನೆಯ ಬೆಲೆಯ ಎದುರು ಏನೂ ಅಲ್ಲ. ಟ್ರಸ್ಟಿಗೆ ಹಾಕಿದ ಮನೆಯ ಮೇಲೆ ರೀಫೈನಾನ್ಸ್ ಮಾಡಿಸುವಾಗ, ಅಂದರೆ ಹಳೆ ಸಾಲದ ಬದಲು ಹೊಸ ಸಾಲ ಪಡೆಯುವಾಗ, ಸಾಲ ಕೊಡುವವರು ಮನೆಯನ್ನು ಟ್ರಸ್ಟಿನಿಂದ ಹೊರಗೆ ತೆಗೆಸುವುದುಂಟು. ವಾಪಸ್ ಹಾಕುವುದನ್ನು ಮರೆತರೆ ಟ್ರಸ್ಟ್ ಮಾಡಿಸಿದ್ದೇ ದಂಡ.

ಸಹಿ ಹಾಕಬೇಕಾದವರು ಭಾರತದಲ್ಲಿದ್ದರೆ? ತಾಯಿಯ ಹೆಸರೂ ಡೀಡ್‌ನಲ್ಲಿದೆ, ಅವರು ಮೈಸೂರಿನಲ್ಲಿದ್ದಾರೆ ಅನ್ನಿ. ಅಮೆರಿಕದ ರಾಯಭಾರ ಕಚೇರಿಯಲ್ಲೋ ಚೆನ್ನೈನಂಥ ಕಾನ್ಸುಲೇಟಿನಲ್ಲೋ ಸಮಯ ಗೊತ್ತುಮಾಡಿಕೊಂಡು ನೋಟರಿ ಮಾಡಿಸಬಹುದು, ಒಂದು ಮುದ್ರೆಗೆ 50 ಡಾಲರ್. ಭಾರತದ ನೋಟರಿ ಎದುರು ಸಹಿ ಹಾಕಿಸಿ ಅಪೋಸ್ಟಿಲ್, ಅಂದರೆ ಬೇರೆ ದೇಶಗಳೂ ಒಪ್ಪುವ ಸರ್ಕಾರಿ ದೃಢೀಕರಣ, ಮಾಡಿಸುವ ದಾರಿಯೂ ಇದೆ. ಭಾರತ 2005ರಿಂದ ಅಪೋಸ್ಟಿಲ್‌ನ ಅಂತರರಾಷ್ಟ್ರೀಯ ಒಪ್ಪಂದದಲ್ಲಿದೆ. ಬರೀ ಭಾರತದ ನೋಟರಿ ಮುದ್ರೆ ಹಾಕಿ ಕಳಿಸಿದರೆ ಕೌಂಟಿ ವಾಪಸ್ ಕಳಿಸಬಹುದು. ಮೊದಲು ಆ ಕೌಂಟಿಗೆ ಫೋನ್ ಮಾಡಿ ಯಾವುದು ನಡೆಯುತ್ತದೆ ಎಂದು ಕೇಳಿಕೊಳ್ಳಿ.

ಡೀಡ್ ದಾಖಲಾದ ಕೆಲವೇ ದಿನಕ್ಕೆ ಇನ್ನೊಂದು ಲಕೋಟೆ ಬರಬಹುದು. ಸರ್ಕಾರಿ ಪತ್ರದ ಹಾಗೇ ಕಾಣುತ್ತದೆ. ನಿಮ್ಮ ಡೀಡ್‌ನ ಪ್ರತಿ ಬೇಕಿದ್ದರೆ ನೂರರ ಹತ್ತಿರದ ಡಾಲರ್ ಕಟ್ಟಿ ಎಂದು ಬರೆದಿರುತ್ತದೆ. ಅದು ಖಾಸಗಿಯವರ ವ್ಯಾಪಾರ, ಕಟ್ಟಬೇಕಾಗಿಲ್ಲ. ಅದೇ ಪ್ರತಿಯನ್ನು ಕೌಂಟಿ ಅದಕ್ಕಿಂತ ಎಷ್ಟೋ ಕಡಿಮೆಗೆ ಕೊಡುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಸುಳ್ಳು ಡೀಡ್. ಯಾರೋ ನಿಮ್ಮ ಸಹಿ ನಕಲು ಮಾಡಿ, ನಕಲಿ ಗುರುತಿನ ಚೀಟಿಯಿಂದ ನೋಟರಿ ಮಾಡಿಸಿ ತಂದರೆ, ಕಾಗದ ನೋಡುವುದಕ್ಕೆ ಸರಿಯಿದ್ದರೆ ಕೌಂಟಿ ಅದನ್ನೂ ದಾಖಲಿಸುತ್ತದೆ. ಖಾಲಿ ಸೈಟು, ಸಾಲ ತೀರಿದ ಮನೆ, ಒಡೆಯರು ದೂರ ಇರುವ ಬಾಡಿಗೆ ಮನೆ ಇಂಥವರ ಕಣ್ಣಿಗೆ ಬೀಳುವುದು ಜಾಸ್ತಿ. ವರ್ಷಾನುಗಟ್ಟಲೆ ಬೆಂಗಳೂರಿಗೆ ವಾಪಸ್ ಬಂದು ನೆಲೆಸಿದವರು ಇದನ್ನು ಗಮನದಲ್ಲಿ ಇಡಬೇಕು. ನಿಮ್ಮ ಹೆಸರಿನಲ್ಲಿ ಯಾವುದೇ ಪತ್ರ ದಾಖಲಾದರೆ ಇಮೇಲ್ ಕಳಿಸುವ ಸೌಲಭ್ಯವನ್ನು ಹಲವಾರು ಕೌಂಟಿಗಳು ಪುಕ್ಕಟೆ ಕೊಡುತ್ತವೆ. ಹೆಸರು ಸೇರಿಸುವಾಗ ಡೀಡ್‌ನಲ್ಲಿ ಇರುವ ಹಾಗೇ ಒಮ್ಮೆ, ಹಿಂದುಮುಂದಾಗಿ ಇನ್ನೊಮ್ಮೆ ಸೇರಿಸಿ. ಸುಳ್ಳು ಪತ್ರ ಕಂಡರೆ ಅದೇ ದಿನ ಪೊಲೀಸರಿಗೆ, ಟೈಟಲ್ ಇನ್ಶೂರೆನ್ಸ್ ಕಂಪನಿಗೆ ತಿಳಿಸಿ, ವಕೀಲರನ್ನು ಹಿಡಿಯಿರಿ. ನಕಲು ಸಹಿಯ ಡೀಡ್‌ಗೆ ಕಾನೂನಿನಲ್ಲಿ ಬೆಲೆ ಇಲ್ಲ. ಹಾಗಂತ ಅದನ್ನು ಪುಸ್ತಕದಿಂದ ಕಿತ್ತುಹಾಕುವ ಅಧಿಕಾರ ರೆಕಾರ್ಡರ್‌ಗೆ ಇಲ್ಲ. ಸಾಮಾನ್ಯವಾಗಿ ನ್ಯಾಯಾಲಯಕ್ಕೆ ಹೋಗಿ ಮನೆ ನಿಮ್ಮದೇ ಎಂಬ ತೀರ್ಪು ಪಡೆಯಬೇಕು, ಆ ತೀರ್ಪನ್ನು ತಂದು ಅದೇ ಕೌಂಟರಿನಲ್ಲಿ ಶುಲ್ಕ ಕಟ್ಟಿ ದಾಖಲಿಸಬೇಕು.